ಒಂದು ಅಣುವಿನ ಸೂತಕ

ನನಗೆ ಮನಸ್ಸಿನಲ್ಲೇ ಓದಲು ಬರುವುದಿಲ್ಲ. ಅರವತ್ತೆರಡು ವರ್ಷವಾಯಿತು, ಇಷ್ಟರಲ್ಲಿ ಕಲಿಯಬೇಕಾಗಿತ್ತು. ಲೈಟ್ ಬಿಲ್ ಬಂದರೂ ಗಟ್ಟಿಯಾಗಿ ಓದುತ್ತೇನೆ, ಬಸ್ಸಿನ ಬೋರ್ಡನ್ನೂ ಗಟ್ಟಿಯಾಗಿ ಓದುತ್ತೇನೆ. ಒಮ್ಮೆ ಹಾವೇರಿ ನಿಲ್ದಾಣದಲ್ಲಿ ನಾನು ಬೋರ್ಡು ಓದಿದ್ದನ್ನೇ ಮೈಕಿನ ಘೋಷಣೆ ಎಂದುಕೊಂಡು ನಾಲ್ಕು ಜನ ಗುತ್ತಲದ ಬಸ್ಸು ಹತ್ತಿಬಿಟ್ಟರು. ಅವರಲ್ಲಿ ಇಬ್ಬರಿಗೆ ಹುಬ್ಬಳ್ಳಿಗೆ ಹೋಗಬೇಕಾಗಿತ್ತಂತೆ.

ಈ ಚಟ ಅಂಟಿದ್ದು ಬ್ಯಾಡಗಿಯಲ್ಲಿ. ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ದಿನವಿಡೀ ತೊಟ್ಟು ಬಿಡಿಸುತ್ತಿದ್ದರು. ಅವರ ಕೈಗೆ ಬಿಡುವಿರಲಿಲ್ಲ, ಕಿವಿಗೆ ಇತ್ತು. ಶಾಲೆ ಬಿಟ್ಟು ಬಂದ ನನ್ನನ್ನು ಚೀಲದ ಮೇಲೆ ಕೂರಿಸಿ ಪೇಪರ್ ಓದಿಸುತ್ತಿದ್ದರು. ಪೇಪರ್ ಮುಗಿದರೆ ಪೊಟ್ಟಣ ಕಟ್ಟುವ ಹಳೆಯ ಹಾಳೆ, ಅದೂ ಮುಗಿದರೆ ನನ್ನ ಸಮಾಜ ಪುಸ್ತಕ. ಘಾಟಿಗೆ ವಾಕ್ಯಕ್ಕೊಂದು ಸೀನು ಬರುತ್ತಿತ್ತು. "ಸೀನಿ ಓದವಾ, ಓದಕೋಂತ ಸೀನಬ್ಯಾಡ. ಮಂತ್ರಿ ಏನಂದಾ ಅನ್ನೋದ ತಿಳೀಲಿಲ್ಲ," ಎಂದು ಒಬ್ಬ ಮುದುಕಿ ಗದರಿಸಿದ್ದು ಇನ್ನೂ ನೆನಪಿದೆ. ಈಗಲೂ ಪೂರ್ಣವಿರಾಮ ಬಂದಲ್ಲಿ ನನ್ನ ಮೂಗು ತಾನಾಗಿ ಸಿದ್ಧವಾಗುತ್ತದೆ. ಮೂವತ್ತು ವರ್ಷ ನನ್ನ ಪಾಠ ಕೇಳಿದ ಹುಡುಗರು ಅದನ್ನು ಗಾಂಭೀರ್ಯವೆಂದು ತಿಳಿದಿದ್ದರು.

ಮೆಣಸಿನಕಾಯಿ ಯಾಕೆ ಉರಿಯುತ್ತದೆ ಎಂಬುದನ್ನು ಹಾವೇರಿಯ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸಿದರು. ಒಂದು ಷಟ್ಕೋನ, ಅದಕ್ಕೊಂದು ಉದ್ದನೆಯ ಬಾಲ. ನಮ್ಮ ಮನೆ ನಡೆಸಿದ್ದೂ ನನ್ನ ಮೂಗು ಕೆಡಿಸಿದ್ದೂ ಈ ಬಾಲದ ಪ್ರಾಣಿಯೇ ಎಂದು ತಿಳಿದು ನನಗೆ ವಿಪರೀತ ಸಂತೋಷವಾಯಿತು. ಆ ಸಂತೋಷದಲ್ಲೇ ರಸಾಯನಶಾಸ್ತ್ರ ಓದಿ, ರಾಣೇಬೆನ್ನೂರಿನಲ್ಲಿ ಉಪನ್ಯಾಸಕಿಯಾಗಿ, ಹಲಗೆಯ ಮೇಲೆ ಲಕ್ಷಗಟ್ಟಲೆ ಷಟ್ಕೋನ ಬರೆದು ನಿವೃತ್ತಳಾದೆ. ಹೇಳಿಕೊಳ್ಳುವಂಥ ಅಣು ಒಂದನ್ನೂ ಮಾಡಲಿಲ್ಲ. ಅದಕ್ಕಾಗಿಯೇ ಇರಬೇಕು, ಮಾಡುವವರ ಸುದ್ದಿ ಎಂದರೆ ನನಗೆ ಬಹಳ ಆಸೆ.

ಅಂಥ ಸುದ್ದಿಪತ್ರವೊಂದು ದಿನಾ ಬೆಳಿಗ್ಗೆ ನನ್ನ ಮೊಬೈಲಿಗೆ ಬರುತ್ತದೆ. ಸಾವಯವ ರಸಾಯನದವರಿಗೆ, ಔಷಧ ಹುಡುಕುವವರಿಗೆ ಅಂತಲೇ ತಯಾರಾಗುವ ಪತ್ರ. ಯಾರು ಯಾವ ಅಣು ಕಟ್ಟಿದರು, ಯಾರದು ಎಷ್ಟನೆಯ ಹೆಜ್ಜೆಯಲ್ಲಿ ಮುಗ್ಗರಿಸಿತು, ಯಾವ ಗಾಜಿನ ಸಾಮಾನು ಎಲ್ಲಿ ಅಗ್ಗ, ಯಾವ ತಂತ್ರಾಂಶ ಪುಕ್ಕಟೆ, ಯಾವ ಪ್ರಯೋಗಾಲಯಕ್ಕೆ ಆಳು ಬೇಕು, ಎಲ್ಲ ಇರುತ್ತದೆ. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಯಜಮಾನರು ಹಾವೇರಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ದಿನವಿಡೀ ಬೇರೆಯವರ ವಾದ ಕೇಳಿ ದಣಿದು ಬಂದವರು. ಒಂದು ದಿನ ಕಪ್ಪು ಕೆಳಗಿಟ್ಟು, "ನಿನ್ನ ಬೆಂಜೀನು ನನ್ನ ಚಹಾದಾಗ ಬೀಳಾಕತ್ತೈತಿ. ಹೊರಗ ಹೋಗಿ ಓದು," ಅಂದರು.

ಹೊರಗೆ ಅಂದರೆ ಪಕ್ಕದ ಮನೆ. ಅಲ್ಲಿ ಶಾಂತವ್ವ ಎಂಬಾಕೆ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬಿಳಿಜೋಳದ ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ, ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕಳಿಸುತ್ತಾರೆ. ಶಾಂತವ್ವ ಹಂಚಿನ ಮುಂದೆ, ಬಡಿಯಲು ಇಬ್ಬರು. ಒಬ್ಬಳು ಮೇಡ್ಲೇರಿಯಿಂದ ಮೊದಲ ಬಸ್ಸಿಗೆ ಬರುವ ನೀಲವ್ವ, ಬಾಯಿ ಜೋರು. ಇನ್ನೊಬ್ಬಳು ಮಾಬೂಬಿ. ಗಂಡನಿಲ್ಲದ ಆಕೆ ಹದಿನೆಂಟು ವರ್ಷದಿಂದ ಈ ಕೈಯಿಂದಲೇ ಮನೆ ನಡೆಸಿದವಳು. ಆಕೆ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ಬದಿಯ ಕಿಟಕಿ ಕಾಣುತ್ತಿತ್ತು. ಅವರ ಕೈಗೂ ಬಿಡುವಿರಲಿಲ್ಲ, ಕಿವಿಗೆ ಇತ್ತು. ನಾನು ಒಂದು ಹಿಟ್ಟಿನ ಡಬ್ಬಿಯ ಮೇಲೆ ಕೂತು ಓದತೊಡಗಿದೆ.

ಮೊದಲ ದಿನ ಸಮುದ್ರದ ತಳದ ಒಂದು ಜೀವಿಯಲ್ಲಿ ಸಿಗುವ ವಸ್ತುವನ್ನು ಯಾರೋ ಮೂವತ್ತೊಂದು ಹೆಜ್ಜೆಯಲ್ಲಿ ತಯಾರಿಸಿದ ಸುದ್ದಿಯಿತ್ತು. ಕನ್ನಡ ಮಾಡಿ ಹೇಳಿದೆ. ಏಳು ಜನ, ಐದು ವರ್ಷ, ಕೊನೆಗೆ ಸಿಕ್ಕಿದ್ದು ಎರಡು ಮಿಲಿಗ್ರಾಂ.

"ಎರಡು ಮಿಲಿಗ್ರಾಂ ಅಂದ್ರ ಎಷ್ಟ್ರಿ ಅಕ್ಕಾರ?" ಶಾಂತವ್ವ ಕೇಳಿದಳು.

ನಾನು ಅವಳ ಮೊಣಕೈಗೆ ಹತ್ತಿದ್ದ ಒಂದು ಚಿಟಿಕೆ ಹಿಟ್ಟು ತೋರಿಸಿ, ಅದರಲ್ಲಿ ನೂರರಲ್ಲೊಂದು ಪಾಲು ಅಂದೆ.

ಮೂವರ ಕೈಯೂ ನಿಂತಿತು. "ಪಾಪ, ಅವರ ಮನ್ಯಾಗ ಏನ್ ಅಂದಿರಬೇಕ್ರಿ," ಅಂದಳು ಮಾಬೂಬಿ.

ಅಂದಿನಿಂದ ಅವರಿಗೂ ಚಟ ಹತ್ತಿತು. ಜಾಹೀರಾತನ್ನೂ ಬಿಡುವಂತಿರಲಿಲ್ಲ. ದ್ರಾವಣ ಒಣಗಿಸುವ ಯಂತ್ರದ ಜಾಹೀರಾತು ಬಂದರೆ ಖಡಕ್ ರೊಟ್ಟಿ ಅದರಲ್ಲಿ ಒಣಗುತ್ತದೆಯೇ ಎಂದು ಶಾಂತವ್ವ ವಿಚಾರಿಸುತ್ತಿದ್ದಳು. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬ ಸಂಶೋಧಕ ಬೇಕೆಂದು ಬಂದಾಗ ನೀಲವ್ವ ಕೆಲಸವೇನೆಂದು ಕೇಳಿದಳು. ಹೆಚ್ಚಿನಂಶ ಬಿಸಿ ಮಾಡುವುದು, ತಿರುವುವುದು, ಸೋಸುವುದು ಅಂದೆ. "ನನ್ನ ಹೆಸರ ಬರದ ಕಳಸ್ರಿ. ಊಟಾ ಅವರದಾ ನಮ್ದಾ ಅಷ್ಟ ಕೇಳ್ರಿ," ಅಂದಳು. ಕಳಿಸಲಿಲ್ಲವೆಂದು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇಂಥ ಸಭೆಗೆ ಒಂದು ದಿನ ಆ ಅಣು ಬಂತು. ಅದಕ್ಕೆ ಹೆಸರಿರಲಿಲ್ಲ, ಎರಡು ಅಕ್ಷರ, ಮೂರು ಅಂಕಿ. ಕೀಲುಬಾವಿಗೆಂದು ಒಂದು ಔಷಧ ಕಂಪನಿಯವರು ತಯಾರಿಸಿದ್ದು. ಇಲಿಗಳ ಕೀಲಿನ ಬಾವು ಇಳಿದಿದೆ, ಇನ್ನು ಮನುಷ್ಯರ ಮೇಲೆ ನೋಡುತ್ತಾರೆ ಎಂದಿತ್ತು. ರೊಟ್ಟಿ ಬಡಿಯುವವರಿಗೆ ಕೀಲು ಅಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ.

"ಇಲಿಗೂ ಕೀಲುಬ್ಯಾನಿ ಬರತೈತೇನ್ರಿ?" ಮಾಬೂಬಿ ಕೇಳಿದಳು.

"ಬರಂಗಿಲ್ಲ. ಇವರ ತರಸ್ತಾರ, ಆಮ್ಯಾಲೆ ಔಷಧ ಕೊಟ್ಟ ನೋಡತಾರ."

ಮಾಬೂಬಿಗೆ ಬಹಳ ಕೆಟ್ಟದೆನಿಸಿತು. ಮರುದಿನ ಹೋದರೆ ಉಗ್ರಾಣದ ಇಲಿಬೋನು ಕಟ್ಟೆಯ ಮೇಲೆ ಬಿಸಿಲಿಗೆ ಬಿದ್ದಿತ್ತು. ನಮ್ಮ ಕೀಲಿಗಾಗಿ ಎಲ್ಲೋ ಆ ಜೀವಗಳು ಸಾಯುತ್ತಿರುವಾಗ ನಾವು ಅವನ್ನೇ ಬೋನಿಗೆ ಹಾಕುವುದು ಸರಿಯಲ್ಲವೆಂದು ಆಕೆ ಹಟ ಹಿಡಿದಿದ್ದಳು. ನಾನು ಜಾತಿ ಬೇರೆ, ದೇಶ ಬೇರೆ ಎಂದು ವಿಜ್ಞಾನ ಹೇಳಲು ಹೋದೆ. ಯಾರೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಇಲಿಗಳು ಜೋಳದ ಚೀಲಗಳಿಗೆ ಬಾಗಿಲು ಕಿಟಕಿ ಇಟ್ಟುಕೊಂಡವು. "ಹೆಂಗ್ ಓಡತಾವ ನೋಡ್ರಿ, ಒಂದಕ್ಕರ ಮೊಳಕಾಲು ನೋವೈತೇನು," ಎಂದು ಶಾಂತವ್ವ ಹಲ್ಲು ಕಡಿದುಕೊಂಡು ಹೊಸ ತಗಡಿನ ಡಬ್ಬಿಗಳನ್ನು ತಂದಳು. ಬೋನು ಮಾತ್ರ ಮತ್ತೆ ಒಳಗೆ ಬರಲಿಲ್ಲ.

ಅಣುವಿನ ಚಿತ್ರ ಬೇಕೆಂದರು. ಹಳೆಯ ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ ಬರೆದುಕೊಟ್ಟೆ. ಹಂಚಿನ ಮೇಲಿನ ಗೋಡೆಗೆ ಅಂಟಿಸಿದರು. ನೀಲವ್ವ ದಿನಾ ಅದನ್ನೇ ನೋಡುತ್ತಿದ್ದವಳು ಒಂದು ಮೂಲೆಗೆ ಬೆರಳು ಮಾಡಿ, "ಇದೊಂದ ಯಾಕ ಹೊರಗ ನಿಂತೈತಿ?" ಅಂದಳು. ಅದು ಫ್ಲೋರಿನ್, ಲಿವರ್ ಈ ಅಣುವನ್ನು ಬೇಗ ಒಡೆಯದಂತೆ ಅಲ್ಲಿ ಕಾವಲಿಗೆ ಇಟ್ಟಿದ್ದಾರೆ ಅಂದೆ. ಹೊರಗೆ ನಿಂತು ಕಾಯುವವರನ್ನು ಕಂಡರೆ ನೀಲವ್ವನಿಗೆ ಗೌರವ. ಆ ಮೂಲೆಗೆ ಮಾತ್ರ ಒಂದು ಅರಿಷಿಣದ ಬೊಟ್ಟು ಬಿತ್ತು.

ಅಕ್ಷರ, ಅಂಕಿ ನಾಲಿಗೆಗೆ ಹೊರಳದ್ದರಿಂದ ಹೆಸರನ್ನೂ ಇಟ್ಟರು. ತಂಗೆವ್ವ. ಶಾಂತವ್ವನ ಚಿಕ್ಕಮ್ಮನ ಹೆಸರಂತೆ. ಯಾರ ಮೈಕೈ ನೊಂದರೂ ಎಣ್ಣೆ ಹಿಡಿದುಕೊಂಡು ಹೋಗುತ್ತಿದ್ದಳಂತೆ. ಮನುಷ್ಯರ ಮೇಲಿನ ಮೊದಲ ಹಂತದಲ್ಲಿ ತಂಗೆವ್ವ ಪಾಸಾದ ಸುದ್ದಿ ಬಂದ ದಿನ ಹೋಳಿಗೆ ಮಾಡಿದರು. ಎರಡನೆಯ ಹಂತ ಹತ್ತಿದಳು ಎಂದು ಓದಿದ ದಿನ ಉಡಿ ತುಂಬುವುದೇ ಎಂದು ತೀರ್ಮಾನವಾಯಿತು. ಕ್ಯಾಲೆಂಡರಿನ ಹಾಳೆಗೆ ಉಡಿ ಎಲ್ಲಿಂದ ಬರಬೇಕು? ತವರು ಮನೆಯ ಕಡೆಯವಳು ಅಂತ ನನ್ನನ್ನು ಮಣೆಯ ಮೇಲೆ ಕೂರಿಸಿ, ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದರು. ಪದವೀಧರರಿಗೆ ಪಾಠ ಹೇಳಿದ ನಾನು ತಲೆ ತಗ್ಗಿಸಿ ಕೂತು, ಒಂದು ರಾಸಾಯನಿಕದ ಪರವಾಗಿ ಕೊಬ್ಬರಿ ಬಟ್ಟಲು ಸ್ವೀಕರಿಸಿದೆ. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂದಿತ್ತು.

ಇಲ್ಲಿಯವರೆಗೆ ಇದೆಲ್ಲ ನಗೆಯ ಮಾತು. ಕಳೆದ ದೀಪಾವಳಿ ಹೊತ್ತಿಗೆ ಮಾಬೂಬಿಯ ಬೆರಳಿನ ಗೆಣ್ಣುಗಳು ಊದತೊಡಗಿದವು. ಮುಂಜಾನೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಒಂದು ತಾಸು ಕೂತ ಮೇಲೆ ಹಿಟ್ಟು ಮುಟ್ಟುತ್ತಿದ್ದಳು. ರೊಟ್ಟಿಯಾಚೆಗಿನ ಕಿಟಕಿ ಕಾಣದಾಯಿತು, ಅಂಚು ಒಡೆಯಿತು, ಖಾನಾವಳಿಯವರು ಗೊಣಗಿದರು. ಶಾಂತವ್ವ ಕೆಟ್ಟವಳಲ್ಲ, ಆದರೆ ಬಡಿಯುವ ಜಾಗ ಎರಡೇ ಇದ್ದವು. ಮಾಬೂಬಿಯನ್ನು ರೊಟ್ಟಿ ಜೋಡಿಸಿ ಕಟ್ಟುವ ಕೆಲಸಕ್ಕೆ ಹಾಕಿ, ಆ ಜಾಗಕ್ಕೆ ಬೇರೆ ಯಾರಾದರೂ ಸಿಗುತ್ತಾರೋ ಎಂದು ಹುಡುಕಹತ್ತಿದಳು. ಕಟ್ಟುವ ಕೆಲಸಕ್ಕೆ ಅರ್ಧ ಕೂಲಿ. ಮಾಬೂಬಿಗೆ ಅರ್ಧ ಕೂಲಿಯಲ್ಲಿ ಮನೆ ನಡೆಯುತ್ತಿರಲಿಲ್ಲ.

ಆಕೆ ಹೆದರಿದಂತೆ ಕಾಣಲಿಲ್ಲ. ಗೋಡೆಯ ಕಡೆ ನೋಡಿ ಕೇಳಿದಳು: "ತಂಗೆವ್ವ ರಾಣೇಬೆನ್ನೂರಿಗೆ ಯಾವಾಗ ಬರತಾಳ್ರಿ ಅಕ್ಕಾರ?"

"ಬರತಾಳ, ಹೊತ್ತ ಹಿಡಿತೈತಿ," ಅಂದೆ. ಅದು ಸುಳ್ಳಾಗಿರಲಿಲ್ಲ.

ಸುಳ್ಳು ಶುರುವಾಗಿದ್ದು ಅದಾದ ಒಂದು ತಿಂಗಳಿಗೆ. ಎಂದಿನಂತೆ ಡಬ್ಬಿಯ ಮೇಲೆ ಕೂತು ಓದುತ್ತಿದ್ದೆ. ಹೊಸ ವೇಗವರ್ಧಕದ ಸುದ್ದಿ ಮುಗಿದು ಕೆಳಗೆ ಎರಡೇ ಸಾಲು ಇದ್ದವು. ಆ ಎರಡು ಅಕ್ಷರ, ಮೂರು ಅಂಕಿ. ಕೆಲವು ರೋಗಿಗಳ ಯಕೃತ್ತಿಗೆ ತೊಂದರೆಯಾಗಿದ್ದರಿಂದ ಕಂಪನಿ ಅದನ್ನು ಕೈಬಿಟ್ಟಿದೆ. ಹುಟ್ಟಿದಂದಿನಿಂದ ಮೊದಲ ಸಲ ನಾನು ಎರಡು ಸಾಲು ಮನಸ್ಸಿನಲ್ಲೇ ಓದಿದೆ.

"ಯಾಕ್ರಿ, ನಿಂತ್ರಿ?" ಮಾಬೂಬಿ ರೊಟ್ಟಿ ಕಟ್ಟುತ್ತಿದ್ದ ದಾರವನ್ನು ಹಲ್ಲಿನಿಂದ ಕಡಿಯುತ್ತ ಕೇಳಿದಳು. ಬೆರಳಿನಿಂದ ಹರಿಯಲು ಆಗುತ್ತಿರಲಿಲ್ಲ. "ತಂಗೆವ್ವನ ಸುದ್ದಿ ಏನರ ಬಂತೇನು?"

"ಬಂದೈತಿ," ಅಂದೆ. "ಆರಾಮ ಅದಾಳ."

ಒಮ್ಮೆ ಆರಾಮ ಇದ್ದಾಳೆ ಅಂದ ಮೇಲೆ ಆಕೆ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ಹೇಳಲೇಬೇಕಲ್ಲ. ಡೆನ್ಮಾರ್ಕಿಗೆ ಕಳಿಸಿದೆ. ಅಲ್ಲಿ ಬ್ರೆಡ್ ಮಾಡುವ ಹೆಂಗಸರ ಮೇಲೆ ಪ್ರಯೋಗ ಮಾಡಿಸಿದೆ. ಎರಡು ವಾರದಲ್ಲಿ ಒಬ್ಬಾಕೆ ತಾನೇ ಬಾಟಲಿಯ ಮುಚ್ಚಳ ತೆಗೆದಳು. ಯಾವ ಬಾಟಲಿ ಎಂದು ನೀಲವ್ವ ಕೇಳಿದಳು, ಜೇನಿನದು ಅಂದೆ. ಇನ್ನೊಬ್ಬಳು ಉಂಗುರ ಹಾಕಿಕೊಂಡಳು. ಮೊಬೈಲಿನ ತೆರೆ ಕಪ್ಪಾಗಿರುತ್ತಿತ್ತು, ನಾನು ಓದುತ್ತಿದ್ದೆ. ಮೂವತ್ತು ವರ್ಷದಲ್ಲಿ ನನ್ನದೊಂದು ಸಂಶೋಧನೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಈಗ ದಿನಕ್ಕೊಂದು ಬರುತ್ತಿತ್ತು, ಅದೂ ಒಳ್ಳೆಯ ಫಲಿತಾಂಶದ್ದು. ಸಂಜೆ ಮನೆಗೆ ಬಂದು ನಾಳೆಯ ಪ್ರಯೋಗದಲ್ಲಿ ಯಾರಿಗೆ ಗುಣವಾಗಬೇಕು ಎಂದು ಯೋಚಿಸುತ್ತ ಕೂರುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾಬೂಬಿ ಹಣೆಯ ಬೆವರು ಒರೆಸಿಕೊಳ್ಳಲು ಸೆರಗು ಎತ್ತಿದಾಗ ಒಂದು ಮಡಿಸಿದ ಚೀಟಿ ಕೆಳಗೆ ಬಿತ್ತು. ಎತ್ತಿ, ರೂಢಿಯಂತೆ ಗಟ್ಟಿಯಾಗಿ ಓದಿದೆ. ಊರಿನ ಡಾಕ್ಟರು ಹಾವೇರಿಯ ಕೀಲಿನ ಡಾಕ್ಟರಿಗೆ ಬರೆದದ್ದು. ತಡಮಾಡದೆ ನೋಡಬೇಕು ಎಂದಿತ್ತು. ತಾರೀಖು ಎರಡು ತಿಂಗಳ ಹಿಂದಿನದು.

"ಇದೇನ್ ಮಾಬೂಬಿ, ಹೋಗೇ ಇಲ್ಲ?"

"ತಂಗೆವ್ವ ಬರತಾಳಲ್ರಿ," ಅಂದಳು, ನನ್ನನ್ನೇ ಸಮಾಧಾನ ಮಾಡುವವಳಂತೆ. "ಎರಡೆರಡು ಔಷಧ ಯಾಕಂತ ಬಿಟ್ಟೇನಿ."

ಕೀಲು ಬಾಗಿ ಗಟ್ಟಿಯಾದರೆ ಮತ್ತೆ ನೆಟ್ಟಗಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆಕೆಯ ಬೆರಳುಗಳು ಬಾಗುತ್ತಿದ್ದಾಗ ನಾನು ಡೆನ್ಮಾರ್ಕಿನಲ್ಲಿ ಜೇನಿನ ಬಾಟಲಿ ತೆಗೆಸುತ್ತಿದ್ದೆ. ನಾಚಿಕೆ ಅನ್ನುವುದು ಇಷ್ಟು ಒಣಗಿದ ಬಾಯಿ ಎಂದು ನನಗೆ ಅಂದೇ ತಿಳಿದದ್ದು. ಡಬ್ಬಿಯಿಂದ ಎದ್ದು ನಿಂತೆ. ಹಳೆಯ ಸಂದೇಶ ಹುಡುಕಿ, ಎರಡು ಸಾಲು ಇದ್ದದ್ದು ಇದ್ದಂತೆ ಓದಿದೆ. "ತಂಗೆವ್ವನ್ನ ಬಿಟ್ಟಾರ. ಇನ್ನ ಬರಂಗಿಲ್ಲ. ನಾ ಹೇಳಿದ್ದೆಲ್ಲಾ ಸುಳ್ಳು," ಅಂದೆ.

"ಯಾವಾಗ?" ಶಾಂತವ್ವ ಕೇಳಿದಳು.

"ಎರಡ ತಿಂಗಳಾತು."

ಶಾಂತವ್ವ ಕೈ ಚಾಚಿ ಒಲೆ ಆರಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಅರ್ಧ ಬೆಂದಂತೆಯೇ ಉಳಿಯಿತು. ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಹಂಚು ಇಳಿಸುತ್ತಾರೆ. ಒಂದು ಮದುವೆಯ ರೊಟ್ಟಿ ಸಂಜೆಗೆ ಹೋಗಬೇಕಾಗಿತ್ತು. ಅವರಿಗೆ ಫೋನ್ ಮಾಡಿ, ಮನೆಯಲ್ಲಿ ತೊಂದರೆಯಾಗಿದೆ, ನಾಳೆ ಕೊಡುತ್ತೇವೆ ಅಂದಳು. ಯಾರು ಹೋದರೆಂದು ಅವರು ಕೇಳಿರಬೇಕು. "ನಮ್ಮ ತಂಗೆವ್ವ," ಎಂದು ಹೇಳಿ ಫೋನ್ ಇಟ್ಟಳು.

ಅವರಿಗೆ ಸಿಟ್ಟು ಬಂದದ್ದು ನಾನು ಅಂದುಕೊಂಡ ಕಡೆಯಿಂದ ಅಲ್ಲ. "ಎರಡ ತಿಂಗಳ ಸೂತಕಾ ಮುಚ್ಚಿಟ್ರೆಲ್ರಿ," ಅಂದಳು ನೀಲವ್ವ. "ನಡುವ ಸಂಕ್ರಾಂತಿ ಮಾಡೇವಿ. ಎಳ್ಳುಬೆಲ್ಲಾ ತಿಂದೇವಿ. ಗೊತ್ತಿದ್ದ ಮಂದಿ ನೀವು. ಮೊದಲ ಮನಿಗೆ ಹೋಗಿ ತಲಿಮ್ಯಾಲೆ ನೀರ ಹಾಕ್ಕೊಂಡ ಬರ್ರಿ."

ಹೋಗಿ ಬಚ್ಚಲು ಸೇರಿದೆ. ಹತ್ತು ಗಂಟೆಗೆ ಎರಡನೆಯ ಸಲ ನೀರಿನ ಸದ್ದು ಕೇಳಿ ಯಜಮಾನರು ಬಾಗಿಲ ಹೊರಗೆ ನಿಂತರು.

"ಯಾರ್ ಹೋದ್ರು?"

"ಒಂದು ಅಣು."

"ನಮ್ಮ ಕಡೇದಾ?" ಅಂದರು.

"ಡೆನ್ಮಾರ್ಕಿನ ಕಡೇದು," ಎಂದು ಅಲ್ಲಿಯೂ ಒಂದು ಸುಳ್ಳು ಹೇಳಿದೆ.

ಒದ್ದೆ ತಲೆಯಲ್ಲಿ ಮರಳಿ ಹೋದಾಗ ಮಾಬೂಬಿ ಗೋಡೆಯ ಹಾಳೆಯನ್ನು ಬಿಡಿಸುತ್ತಿದ್ದಳು. ಬೆರಳು ಹಿಡಿಯದೆ ಒಂದು ಮೂಲೆ ಹರಿಯಿತು. ಸಾವಿನ ಸುದ್ದಿ ಕೇಳಿದಾಗ ತಮ್ಮಲ್ಲಿ ಹೇಳುವ ಮಾತನ್ನು ಮೆಲ್ಲಗೆ ಹೇಳಿಕೊಂಡು, ಹಾಳೆ ಮಡಿಸಿ, ನನ್ನ ಕೈಗೆ ಕೊಟ್ಟಳು. ಬೈಯಲಿಲ್ಲ. "ಹಾವೇರಿ ಬಸ್ ಎಷ್ಟೊತ್ತಿಗೈತ್ರಿ?" ಎಂದಷ್ಟೇ ಕೇಳಿದಳು. ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಒಂದು ಬೋರ್ಡನ್ನೂ ಓದಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಚೀಟಿಯ ತಾರೀಖು ನೋಡಿ, ಆಕೆಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಎರಡು ತಿಂಗಳು ಏನು ಮಾಡುತ್ತಿದ್ದಿರಿ ಅಮ್ಮಾ? ಆಗಲೇ ಬಂದಿದ್ದರೆ ನಾನು ಧೈರ್ಯ ಹೇಳುತ್ತಿದ್ದೆ," ಅಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾಬೂಬಿ, "ನಮ್ಮ ಮನ್ಯಾಗ ಒಂದ ಸಾವಾಗಿತ್ರಿ ಸಾಹೇಬ್ರ," ಅಂದಳು.

ಡಾಕ್ಟರ ಮುಖ ಮೆತ್ತಗಾಯಿತು. ವಾರಕ್ಕೊಮ್ಮೆ ಮಾತ್ರ ನುಂಗುವ ಹಳದಿ ಗುಳಿಗೆ ಬರೆದುಕೊಟ್ಟು, ರಕ್ತಪರೀಕ್ಷೆಗೆ ತಪ್ಪದೆ ಬರಬೇಕೆಂದು ಹೇಳಿದರು. ಗುಳಿಗೆ ಕೆಲಸ ಮಾಡಲು ತಿಂಗಳುಗಳೇ ಬೇಕು, ಎಷ್ಟು ಬೆರಳು ಮರಳುತ್ತವೋ ಈಗಲೇ ಹೇಳಲಾಗುವುದಿಲ್ಲ ಅಂದರು. ನಾನು ಹುಟ್ಟುವ ಮೊದಲೇ ಯಾರೋ ಕಟ್ಟಿಟ್ಟ ಅಣು ಅದು. ನನ್ನ ಸುದ್ದಿಪತ್ರದಲ್ಲಿ ಅದರ ಹೆಸರು ಒಂದು ದಿನವೂ ಬಂದಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಾನು ಅತ್ತೆ. ತಪ್ಪಾಯಿತು ಅಂದೆ. ಮಾಬೂಬಿ ಗುಳಿಗೆಯ ಪೊಟ್ಟಣವನ್ನು ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಿದ್ದಳು. "ಸುಳ್ಳ ಹೇಳಿದ್ದು ಖರೇ," ಅಂದಳು. "ಆ ಎರಡ ತಿಂಗಳು ನಾ ಚಲೋ ನಿದ್ದಿ ಮಾಡಿದ್ದೂ ಖರೇ. ನಿಮಗ ಬೈಬೇಕೋ ಬ್ಯಾಡೋ ತಿಳೀವಲ್ದು. ನಾಳೆ ಬರ್ರಿ, ವಿಚಾರ ಮಾಡಿ ಹೇಳತೇನಿ."

ಮರುದಿನ ಹೋದೆ. ಬಡಿಯುವ ಜಾಗದಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಹೊಸಬಳೊಬ್ಬಳು ಸೋಮವಾರದಿಂದ ಬರುತ್ತಾಳೆಂದು ಶಾಂತವ್ವ ಹೇಳುತ್ತಿದ್ದಳು. ಮಾಬೂಬಿ ನನ್ನ ಕೈಯಿಂದ ಮೊಬೈಲ್ ತೆಗೆದು ಡಬ್ಬಿಯ ಮೇಲಿಟ್ಟಳು. ನನ್ನನ್ನು ಆ ಜಾಗದಲ್ಲಿ ಕೂರಿಸಿ, ನಾದಿದ ಹಿಟ್ಟಿನ ಉಂಡೆ ಮುಂದಿಟ್ಟಳು.

"ಸೋಮವಾರ ಯಾರೂ ಬರೂದ ಬ್ಯಾಡ," ಎಂದು ಶಾಂತವ್ವನಿಗೆ ಹೇಳಿದಳು. "ನನ್ನ ಕೈ ಬರೂಮಟಾ ಅಕ್ಕಾರ ಬಡೀತಾರ. ಬಡೀರಿ ಅಕ್ಕಾರ."

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ನಮ್ಮ ಮನೆಯ ನಲವತ್ತು ವರ್ಷದ ಗುಟ್ಟು. ಮೊದಲನೆಯದು ಅಂಗೈಗೇ ಹತ್ತಿಕೊಂಡು ಬಂತು. ಎರಡನೆಯದನ್ನು ನೀಲವ್ವ ಎತ್ತಿ ನೋಡಿ, ಯಾವ ದೇಶದ ನಕಾಶೆ ಎಂದು ವಿಚಾರಿಸಿದಳು. ಖಾನಾವಳಿಯವರಿಗೆ ಕಳಿಸುವ ಮಾತೇ ಇರಲಿಲ್ಲ. ಒಂದು ವಾರ ನಮ್ಮ ಯಜಮಾನರೇ ತಿಂದರು, ಚಹಾದಲ್ಲಿ ಅದ್ದಿಕೊಂಡು, ಒಂದೂ ಮಾತಾಡದೆ. ಮಾಬೂಬಿ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಳು: ಕೈ ಎತ್ತರಕ್ಕೆ ಹೋಗಬಾರದು, ಹಿಟ್ಟು ತಾನೇ ತಿರುಗಬೇಕು, ಬೆರಳಿಗೆ ಸಿಟ್ಟು ಇರಬಾರದು. ನೀಲವ್ವ ನನ್ನ ಪಾಲಿನದನ್ನೂ ಅಷ್ಟಿಷ್ಟು ಬಡಿದಳು. ಹೊಸಬಳು ಬರಲಿಲ್ಲ.

ಈಗ ಏಳನೆಯ ವಾರ. ದಿನಕ್ಕೆ ನಲವತ್ತು ಬಡಿಯುತ್ತೇನೆ, ಮೂವತ್ತು ಮಾರಾಟಕ್ಕೆ ಯೋಗ್ಯ. ಭುಜ ಬಿದ್ದುಹೋಗುವಷ್ಟು ನೋಯುತ್ತದೆ. ಸುದ್ದಿಪತ್ರ ಬಂದು ಬಂದು ಮೊಬೈಲಿನಲ್ಲಿ ರಾಶಿಯಾಗಿದೆ.

ನಿನ್ನೆ ಮಾಬೂಬಿ ಮಾತಾಡುತ್ತ ಮಾತಾಡುತ್ತ, ನನ್ನ ಮುಂದಿನ ಉಂಡೆಯಿಂದ, ಇಷ್ಟು ದಿನ ಕೂಡದಿದ್ದ ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದು ಚೂರು ಹಿಟ್ಟು ಚಿವುಟಿದಳು. ಚಿವುಟಿದ್ದನ್ನು ತಾನೇ ನೋಡಿಕೊಂಡಳು. ಶಾಂತವ್ವನಿಗೆ ಕಾಣಲಿಲ್ಲ, ನೀಲವ್ವನಿಗೂ ಕಾಣಲಿಲ್ಲ. ಮಾಬೂಬಿ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ತುಟಿ ಬಿಚ್ಚದೆ ಮುಂದಿನ ರೊಟ್ಟಿಗೆ ಕೈ ಹಾಕಿದೆ.